ದೊಡ್ಡದು ಮಾಡಿ ನೋಡಿದ ಗೆರೆ

ಆ ಗೆರೆ ನಿಜವಾಗಿಯೂ ನಡುಗಿತ್ತೇ, ಅಥವಾ ನಡುಗುತ್ತಿದ್ದುದು ನನ್ನ ಕಣ್ಣೇ? ಮಗಳ ಬಟ್ಟೆ ಹಿಂಡುವಾಗ, ಹಾಲು ಆರಿಸುವಾಗ, ಹಾಕಿದ ಚಿಲಕವನ್ನು ಮತ್ತೊಮ್ಮೆ ಎಳೆದು ನೋಡುವಾಗ ಇದೊಂದೇ ಪ್ರಶ್ನೆ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತ್ತು. ನಾಲಿಗೆ ಅಲ್ಲಿಗೇ ಹೋಗುತ್ತದೆ, ನಾರು ಮಾತ್ರ ಈಚೆ ಬರುವುದಿಲ್ಲ.

ಗೆರೆ ನನ್ನ ಸೋದರತ್ತೆಯದು, ಅಂದರೆ ನನ್ನಪ್ಪನ ಅಕ್ಕನದು. ಬೀದಿಯವರಿಗೆಲ್ಲ ಅವರು ಮಸಿಯಮ್ಮ. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಅಪ್ಪ ತೀರಿಕೊಂಡ ಮೇಲೆ ನನ್ನ ಕಡೆಯವರು ಅಂತ ಉಳಿದದ್ದು ಅವರೊಬ್ಬರೇ.

ನಮ್ಮಿಬ್ಬರದು ಒಂದೇ ಕೆಲಸ, ಎರಡು ಮನೆ. ಅತ್ತೆ ದಪ್ಪ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಅಕ್ಷರ ಬರೆಯುತ್ತಾರೆ. ಅಕ್ಷರದ ಹೊಟ್ಟೆಯಲ್ಲಿ ಹಕ್ಕಿ ಕೂರಿಸುತ್ತಾರೆ, ತಲೆಕಟ್ಟಿಗೆ ಬಳ್ಳಿ ಹಬ್ಬಿಸುತ್ತಾರೆ, ಒತ್ತಕ್ಷರದ ಕೆಳಗೆ ಒಂದು ಬೆಕ್ಕನ್ನು ಮಲಗಿಸುತ್ತಾರೆ. ಹಾಳೆ ಒಣಗಿದ ಮೇಲೆ ನನ್ನ ಮನೆಗೆ ಬರುತ್ತದೆ. ನಾನು ಅದನ್ನು ಸ್ಕ್ಯಾನ್ ಮಾಡಿ, ಕಾಗದದ ಬಿಳುಪು ತೆಗೆದುಹಾಕಿ, ಶಾಯಿಯನ್ನಷ್ಟೇ ಉಳಿಸಿಕೊಂಡು, ಅದರಡಿಗೆ ಒಂದೊಂದೇ ಲೇಯರ್ ಹಾಸಿ ಬಣ್ಣ ತುಂಬುತ್ತೇನೆ. ಕಂಪ್ಯೂಟರಿನ ಬಣ್ಣವನ್ನು ಹಾಗೇ ಬಿಟ್ಟರೆ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಕಾಣುತ್ತದೆ. ಅದಕ್ಕೊಂದು ಒರಟು ಬೇಕು. ಸುಣ್ಣ ಉದುರಿದ ಗೋಡೆ, ತುಕ್ಕು ಹಿಡಿದ ಗೇಟು, ಸೀದುಹೋದ ಬಾಣಲೆಯ ತಳ, ಗೋಣಿಚೀಲ, ಮಗಳ ಟವೆಲ್ಲು, ಕಂಡಕಂಡದ್ದರ ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಅದನ್ನು ಬಣ್ಣದ ಮೇಲೆ ತೆಳ್ಳಗೆ ಹೊದಿಸಿದರೆ ಕೆಂಪು ಇಟ್ಟಿಗೆಯಾಗುತ್ತದೆ, ಹಸಿರು ಪಾಚಿಯಾಗುತ್ತದೆ. ಮೊದಲ ಸಲ ಹೀಗೆ ಮಾಡಿ ತೋರಿಸಿದಾಗ ಅತ್ತೆ ಪರದೆಯನ್ನು ಬೆರಳಿನಿಂದ ಸವರಿ ನೋಡಿದ್ದರು.

"ಅಯ್ಯೋ, ನನ್ನ ಅಕ್ಷರಕ್ಕೆ ಚರ್ಮ ಬಂತಲ್ಲೇ!"

ಬಣ್ಣ ಗೆರೆಯಾಚೆ ಸೋರಬಾರದು. ಅದಕ್ಕಾಗಿ ನಾನು ಗೆರೆಯನ್ನು ವಿಪರೀತ ದೊಡ್ಡದು ಮಾಡಿ ನೋಡುತ್ತೇನೆ. ಅತ್ತೆಯ 'ರ' ಅಕ್ಷರದ ಒಂದು ತುಣುಕೇ ಪರದೆ ತುಂಬಿಕೊಂಡಾಗ ಅದು ಅಕ್ಷರವಾಗಿರುವುದಿಲ್ಲ, ಕೆರೆಯ ದಂಡೆಯಾಗಿರುತ್ತದೆ. ಆ ದಂಡೆಯ ಮೇಲೆ ವರ್ಷಗಟ್ಟಲೆ ನಡೆದಿದ್ದೇನೆ. ಎಲ್ಲಿಯೂ ಒಂದು ಕಲ್ಲು ಎದ್ದಿರಲಿಲ್ಲ. ಮಗಳು ಹುಟ್ಟಿ, ಬಾಣಂತನ ಮುಗಿಸಿ, ಮತ್ತೆ ಕೆಲಸಕ್ಕೆ ಕುಳಿತ ಮೊದಲ ದಿನಗಳಲ್ಲೇ ದಂಡೆ ಅಲೆ ಅಲೆಯಾಗಿ ಕಂಡಿತು.

ಸ್ಕ್ಯಾನರ್ ಕೆಟ್ಟಿರಬೇಕು ಅಂದುಕೊಂಡೆ. ಗಾಜು ಒರೆಸಿದೆ. ತೊಡೆಯ ಮೇಲಿದ್ದ ಮಗಳು ವೈರು ಎಳೆದಿರಬಹುದೆಂದು ಅವಳನ್ನು ತೊಟ್ಟಿಲಲ್ಲಿಟ್ಟು ಮತ್ತೆ ಸ್ಕ್ಯಾನ್ ಮಾಡಿದೆ. ಅಚ್ಚಾದ ಪತ್ರಿಕೆಯೊಂದನ್ನು ಇಟ್ಟು ನೋಡಿದೆ, ಅಕ್ಷರಗಳು ನೆಟ್ಟಗಿದ್ದವು. ಅತ್ತೆಯದೇ ಹಳೆಯ ಹಾಳೆಯೊಂದನ್ನು ಇಟ್ಟೆ. ಗೆರೆ ಚಾಕುವಿನ ಅಲಗಿನಂತಿತ್ತು. ಹೊಸ ಹಾಳೆ ಇಟ್ಟೆ. ನಡುಕ. ಅದೂ ಎಲ್ಲ ಕಡೆ ಅಲ್ಲ. ದಪ್ಪ ಗೆರೆಗಳು ಗಟ್ಟಿಯಾಗಿದ್ದವು. ತೆಳ್ಳನೆಯವು, ಕುಂಚವನ್ನು ಮೇಲಕ್ಕೆಳೆದು ಬಿಡುವ ಕಡೆಯ ಗೆರೆಗಳು ಮಾತ್ರ ಅಲುಗಿದ್ದವು. ಬರಿಗಣ್ಣಿಗೆ ಏನೂ ಕಾಣದು. ಹಾಳೆಯನ್ನು ಕೈಯಲ್ಲಿ ಹಿಡಿದರೆ ಅದೇ ಹಳೆಯ ಮಸಿಯಮ್ಮ. ಇಡೀ ಭೂಮಿಯ ಮೇಲೆ ಆ ಗೆರೆಯನ್ನು ಅಷ್ಟು ದೊಡ್ಡದು ಮಾಡಿ ನೋಡುವವಳು ನಾನೊಬ್ಬಳೇ. ಹಾಗಾಗಿ ವಿಷಯ ಗೊತ್ತಿದ್ದವಳೂ ನಾನೊಬ್ಬಳೇ.

ನಾನೇನು ಮಾಡಿದೆ? ಗೆರೆಯನ್ನು ನಯ ಮಾಡಿದೆ. ಮೇಲೆ ಸುಣ್ಣದ ಗೋಡೆಯ ಒರಟು ಹೊದಿಸಿದೆ. ಉಳಿದ ನಡುಕ ಅದರಲ್ಲಿ ಕರಗಿಹೋಯಿತು. ಗಿರಾಕಿಗಳು ಮೆಚ್ಚಿಕೊಂಡರು. ಮುಂದಿನ ಹಾಳೆಗೆ ಗೋಣಿಚೀಲ ಬೇಕಾಯಿತು. ಅದರ ಮುಂದಿನದಕ್ಕೆ ತುಕ್ಕಿನ ಗೇಟು. ಒರಟು ದಪ್ಪವಾಗುತ್ತಾ ಹೋಯಿತು, ನನ್ನ ನಿದ್ದೆ ತೆಳ್ಳಗಾಗುತ್ತಾ ಹೋಯಿತು.

ಗಂಡನಿಗೆ ಹೇಳಿದೆ. ಅವರು ಶೂ ಲೇಸು ಕಟ್ಟುತ್ತಾ ನಕ್ಕರು. "ಮೊನ್ನೆ ಮಗು ಜಾಸ್ತಿ ಹೊತ್ತು ಮಲಗಿತು ಅಂತ ಡಾಕ್ಟರಿಗೆ ಫೋನ್ ಮಾಡಿದೆ. ನಿನ್ನೆ ಕಮ್ಮಿ ಹೊತ್ತು ಮಲಗಿತು ಅಂತ ಮಾಡಿದೆ. ಇವತ್ತು ಗೆರೆ. ಆಕಾಶ ಬಿದ್ದರೆ ಅಂತ ಮನೆಯೊಳಗೇ ಕೊಡೆ ಹಿಡಿಯೋಳು ನೀನು."

"ರೀ, ಇದು ಹಾಗಲ್ಲ."

"ಸರಿ, ಹಾಗಲ್ಲ ಅಂದ್ರೆ ಅವರಿಗೇ ಹೇಳು. ನನಗೆ ಹೇಳಿದ್ರೆ ನಾನೇನು ಅವರ ಕೈ ಹಿಡ್ಕೊಳ್ಳಕ್ಕಾಗತ್ತಾ?"

ಹೇಳುವುದು ಹೇಗೆ? ಆ ಕೈಯೇ ಅವರ ಮನೆ, ಅವರ ಹೆಸರು. ಹುಡುಗಿಯಾಗಿದ್ದಾಗ ಬೋರ್ಡು ಬರೆಯುವವನೊಬ್ಬನ ಅಂಗಡಿಯಲ್ಲಿ ಬಣ್ಣ ಕಲಸಲು ಸೇರಿದವರು ಅತ್ತೆ. ಅವನು ಊಟಕ್ಕೆ ಹೋದ ಹೊತ್ತಿನಲ್ಲಿ, ಅವನು ಅರ್ಧ ಬಿಟ್ಟಿದ್ದ ದರ್ಜಿಯ ಬೋರ್ಡನ್ನು ಮುಗಿಸಿಬಿಟ್ಟರು. ಬಂದವನು ಬಹಳ ಹೊತ್ತು ನೋಡಿ, ಬೈಯುವುದೋ ಹೊಗಳುವುದೋ ತಿಳಿಯದೆ, "ನಾಳೆಯಿಂದ ಏಣಿ ನಿಂದು, ಬಣ್ಣ ಕಲಸೋದು ನಂದು" ಅಂದನಂತೆ. ತಮ್ಮನ, ಅಂದರೆ ನನ್ನಪ್ಪನ ಪ್ಯಾಂಟು ತೊಟ್ಟು ಏಣಿ ಹತ್ತಿದರು. ಹೆಂಗಸು ಬೋರ್ಡು ಬರೆಯುತ್ತಾಳೆ ಅಂತ ಜನ ಗುಂಪು ಕಟ್ಟಿದರೆ ಮೇಲಿನಿಂದಲೇ ಕೂಗುತ್ತಿದ್ದರು, "ಓದೋದಾದ್ರೆ ಬೋರ್ಡ್ ಓದಿ, ನನ್ನ ಮೇಲೆ ಏನೂ ಬರೆದಿಲ್ಲ!" ಬಸ್ಸಿನ ಪಕ್ಕೆ, ಹಾಲಿನ ಬೂತು, ಹೊಲಿಗೆ ಯಂತ್ರದ ಅಂಗಡಿ, ದಂತವೈದ್ಯರ ಮಹಡಿ, ಒಂದು ಕಾಲಕ್ಕೆ ನಮ್ಮ ಪೇಟೆ ಮಾತಾಡುತ್ತಿದ್ದುದೇ ಅತ್ತೆಯ ಅಕ್ಷರದಲ್ಲಿ. ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಕೆದಕಿದರೆ ಉತ್ತರ ಸಿದ್ಧವಿರುತ್ತಿತ್ತು: "ಏಣಿ ಹಿಡೀತೀನಿ ಅಂತ ಒಬ್ಬನೂ ಬರಲಿಲ್ಲ. ಬಂದೋರೆಲ್ಲ ಕೆಳಗಿಳಿ ಅನ್ನೋರೇ."

ಆಮೇಲೆ ಪ್ರಿಂಟಾದ ಬೋರ್ಡುಗಳು ಬಂದವು, ಕುಂಚದ ಬೋರ್ಡುಗಳು ಒಂದೊಂದಾಗಿ ಗುಜರಿಗೆ ಹೋದವು. ಅತ್ತೆ ಅಳಲಿಲ್ಲ. ಏಣಿಯನ್ನು ಗೋಡೆಗೊರಗಿಸಿ, ಮೇಜಿಗೆ ಕಾಗದ ಅಂಟಿಸಿಕೊಂಡು ಶಾಯಿಗೆ ಇಳಿದರು. ಅಪ್ಪ ಹೋದ ವರ್ಷ ನಾನು ಯಾವ ಕೆಲಸಕ್ಕೂ ಮನಸ್ಸಿಲ್ಲದೆ ಕುಳಿತಿದ್ದಾಗ ಹಾಳೆಯೊಂದನ್ನು ತಂದು ಮಡಿಲಿಗೆ ಹಾಕಿ, "ಇದಕ್ಕೆ ಬಣ್ಣ ಹಾಕು, ನನಗೆ ಬರೀ ಕಪ್ಪು ನೋಡಿ ನೋಡಿ ಸಾಕಾಯ್ತು" ಅಂದವರೂ ಅವರೇ. ಎಲ್ಲರೂ ನನ್ನನ್ನು ಹೆದರುಪುಕ್ಕಲಿ ಎನ್ನುವಾಗ, "ಹಾಗನ್ಬೇಡಿ, ಅವಳಿಗೆ ಉಳಿದೋರಿಗಿಂತ ಸ್ವಲ್ಪ ಮೊದಲೇ ಕಾಣತ್ತೆ" ಎನ್ನುತ್ತಿದ್ದವರೂ ಅವರೇ. ಅಂಥವರಿಗೆ ಹೋಗಿ ನಿಮ್ಮ ಕೈ ನಡುಗುತ್ತಿದೆ ಅನ್ನಲೇ?

ಹೋದ ವಾರ ಅವರ ಕೋಣೆಗೆ ಹೋಗಿದ್ದೆ. ಮಹಡಿಯ ಮೇಲೆ ಒಂದೇ ಕೋಣೆ. ಕಿಟಕಿಗೆ ಎದುರಾಗಿ ಇಳಿಜಾರು ಮೇಜು, ಲೋಟದಲ್ಲಿ ಕೂದಲು ಮೇಲೆ ಮಾಡಿ ನಿಲ್ಲಿಸಿದ ಕುಂಚಗಳು, ಮೂಲೆಯಲ್ಲಿ ಆ ಹಳೇ ಏಣಿ. ಏಣಿಯ ಧೂಳು ಒರೆಸಿತ್ತು. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೆ. ಆಮೇಲೆ ಮೇಜಿನ ಮೇಲಿದ್ದ ಕೋಲಿಗೆ. ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಕೋಲದು. ಬೋರ್ಡು ಬರೆಯುವವರು ಅದನ್ನು ಅಡ್ಡ ಹಿಡಿದು, ಅದರ ಮೇಲೆ ಮಣಿಕಟ್ಟು ಊರಿ ಬರೆಯುತ್ತಾರೆ. ಗೋಡೆಗೆ ಸರಿ. ಅಂಗೈಯಗಲದ ಕಾಗದಕ್ಕೆ ಕಿರುಬೆರಳು ಊರಿದರೆ ಸಾಕು ಎನ್ನುತ್ತಿದ್ದ ಅತ್ತೆಗೆ ಕಾಗದದ ಮೇಲೆ ಆ ಕೋಲು ಯಾಕೆ?

ಅತ್ತೆ ಕಾಫಿ ತಂದುಕೊಟ್ಟರು. ಅರ್ಧ ಲೋಟ.

"ಏನು ಅತ್ತೆ, ಜಿಪುಣತನ ಶುರುವಾಯ್ತಾ?" ಎಂದು ನಗಲು ನೋಡಿದೆ.

"ಬೇಕಾದ್ರೆ ಇನ್ನರ್ಧ ಆಮೇಲೆ ಕುಡಿ. ಒಂದೇ ಸಲ ತುಂಬಿಸ್ಕೊಂಡು ಎಲ್ಲಿಗೆ ಓಡ್ಬೇಕು?" ಎಂದವರೇ ಕೈ ಚಾಚಿದರು. "ಮಗೂನ ಇಲ್ಲಿ ಕೊಡು. ನೋಡಿ ಎಷ್ಟು ದಿನ ಆಯ್ತು."

ಮಗಳು ನನ್ನ ಎದೆಗೆ ಕಟ್ಟಿದ ಚೀಲದಲ್ಲಿದ್ದಳು. ನನ್ನ ಎರಡೂ ಕೈ ತಾವಾಗಿಯೇ ಅವಳ ಬೆನ್ನಿನ ಮೇಲೆ ಹೋದವು. "ಈಗಷ್ಟೇ ಮಲಗಿದ್ದಾಳೆ ಅತ್ತೆ. ಎದ್ದರೆ ರಂಪ ಮಾಡ್ತಾಳೆ."

ಅದೇ ಹೊತ್ತಿಗೆ ಮಗಳು ತಲೆ ಎತ್ತಿ, ಎರಡು ಹಲ್ಲು ತೋರಿಸಿ, ಅತ್ತೆಯನ್ನು ನೋಡಿ ನಕ್ಕಳು.

"ಚೆನ್ನಾಗಿ ಮಲಗಿದ್ದಾಳೆ," ಅಂದರು ಅತ್ತೆ. ಚಾಚಿದ ಕೈ ಹಾಗೇ ಹಿಂದೆ ಹೋಗಿ ಸೆರಗಿನಲ್ಲಿ ಒರೆಸಿಕೊಂಡಿತು, ಒದ್ದೆಯೇ ಇಲ್ಲದಿದ್ದರೂ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಆ ಮಾತನ್ನು ಅಲ್ಲಿಗೇ ಬಿಟ್ಟು ಗೋಡೆಯ ಸುದ್ದಿ ತೆಗೆದರು. ಮಕ್ಕಳ ಗ್ರಂಥಾಲಯದವರು ಬಂದಿದ್ದರಂತೆ. ಒಳಗಿನ ಮೆಟ್ಟಿಲ ಗೋಡೆಯ ಮೇಲೆ ದೊಡ್ಡ ಅಕ್ಷರ ಬೇಕಂತೆ, ಪ್ರಿಂಟಲ್ಲ, ಕೈಯಲ್ಲೇ ಬರೆದದ್ದು. ವಾಕ್ಯವನ್ನು ಅತ್ತೆಯೇ ಕಟ್ಟಿದ್ದರು: 'ಮೆಲ್ಲಗೆ ಹತ್ತಿ, ಕತೆ ಎಲ್ಲೂ ಓಡಿಹೋಗೋದಿಲ್ಲ.'

"ಎಷ್ಟು ಎತ್ತರ?" ಅಂದೆ.

"ಮೆಟ್ಟಿಲ ಮೇಲೆ ಅಡ್ಡ ಹಲಗೆ ಹಾಕಿ ಕೊಡ್ತಾರೆ. ಕೆಳಗೆ ನೋಡದಿದ್ರೆ ಎಲ್ಲಾ ಎತ್ತರವೂ ಒಂದೇ." ಅವರ ಮುಖ ಎಷ್ಟೋ ವರ್ಷಗಳ ಹಿಂದಿನದಾಗಿತ್ತು. "ಎಷ್ಟು ದಿನ ಆಯ್ತು ಕಣೇ, ತೋಳು ಪೂರ್ತಿ ಬೀಸಿ ಬರೆದು! ನೀನು ಬಣ್ಣದ್ದೂ ಮಾಡ್ಕೊಡು, ಬರೀ ಹೊರಗೆರೇದೂ ಗೋಡೆ ಅಳತೆಗೆ ಮಾಡ್ಕೊಡು."

ಹೊರಗೆರೆ. ನಾನು ಸಿಕ್ಕಿಬಿದ್ದದ್ದು ಅಲ್ಲಿಯೇ. ಗೋಡೆಯ ಕೆಲಸ ಹೀಗೆ: ಅಕ್ಷರದ ಹೊರಗೆರೆಯನ್ನು ಗೋಡೆಯಷ್ಟೇ ದೊಡ್ಡದಾಗಿ ಉದ್ದುದ್ದ ಹಾಳೆಗಳ ಮೇಲೆ ಪ್ರಿಂಟ್ ಹಾಕಿಸಬೇಕು. ಅತ್ತೆ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಹಾಳೆಯನ್ನು ಗೋಡೆಗೆ ಅಂಟಿಸಿ, ಬಟ್ಟೆಯ ಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ತಟ್ಟಿದರೆ, ತೂತುಗಳ ಮೂಲಕ ಗೋಡೆಯ ಮೇಲೆ ಚುಕ್ಕಿಗಳ ಸಾಲು ಬೀಳುತ್ತದೆ. ಆ ಜಾಡಿನಲ್ಲಿ ಕುಂಚ ನಡೆಯಬೇಕು. ಇದುವರೆಗೆ ಅತ್ತೆ ನೋಡಿದ್ದೆಲ್ಲ ಬಣ್ಣ ಹೊದ್ದ, ಒರಟು ಹೊದ್ದ ಸಣ್ಣ ಪ್ರಿಂಟುಗಳು. ಈ ಹಾಳೆಯ ಮೇಲೆ ಬಣ್ಣವಿಲ್ಲ, ಗೋಣಿಚೀಲವಿಲ್ಲ. ಬರೀ ಗೆರೆ. ಅದೂ ನಾನು ನೋಡುವಷ್ಟೇ ದೊಡ್ಡದಾಗಿ.

ಎರಡು ಫೈಲ್ ಮಾಡಿಟ್ಟೆ. ಒಂದು, ಇದ್ದದ್ದು ಇದ್ದ ಹಾಗೆ. ಇನ್ನೊಂದು, ನಯ ಮಾಡಿದ್ದು. ಮೊದಲನೆಯದನ್ನು ಯಾಕೆ ಇಟ್ಟುಕೊಂಡೆನೋ ಗೊತ್ತಿಲ್ಲ. ಕಳಿಸುವುದು ನಯವಾದದ್ದನ್ನೇ ಅಂತ ತೀರ್ಮಾನವಾಗಿತ್ತು. ಅತ್ತೆಗೆ ತನ್ನ ಗೆರೆಯನ್ನು ಬೇರೆಯವರು ಮುಟ್ಟಿದ್ದಾರೆಂದು ಗೊತ್ತಾಗುತ್ತದೆಯೇ? ಗೊತ್ತಾದರೆ ಏನೆನ್ನುತ್ತಾರೆ? ಹೀಗೆಲ್ಲ ಯೋಚಿಸುತ್ತಾ ಇವತ್ತು ಬೆಳಿಗ್ಗೆ ಕುಳಿತಿದ್ದಾಗ, ಮಗಳು ಮೇಜಿನ ಕೆಳಗೆ ಏನನ್ನೋ ಬಾಯಿಗೆ ಹಾಕಿಕೊಂಡಳು. ಹಾರಿಹೋಗಿ ಬಾಯೊಳಗೆ ಬೆರಳು ಹಾಕಿ ತೆಗೆದೆ, ಬಿಸ್ಕತ್ತಿನ ಚೂರು. ಇನ್ನೇನಾದರೂ ನುಂಗಿದಳೋ ಎಂದು ಅವಳ ಬಾಯಿಯನ್ನೇ ನೋಡುತ್ತಾ ಒಂದು ಕೈಯಲ್ಲಿ ಅವಳನ್ನು ಹಿಡಿದು ಇನ್ನೊಂದರಲ್ಲಿ ಫೈಲ್ ಕಳಿಸಿದೆ.

ಮಧ್ಯಾಹ್ನ ಪ್ರಿಂಟ್ ಅಂಗಡಿಯವನ ಫೋನು.

"ಮೇಡಂ, ನಿಮ್ಮ ಫೈಲಲ್ಲಿ ಏನೋ ಎಡವಟ್ಟಾಗಿದೆ."

"ಏನಾಗಿದೆ?"

"ಗೆರೆ ಎಲ್ಲಾ ಚಳಿಜ್ವರ ಬಂದೋರ ಥರ ನಡುಗ್ತಾ ಇದೆ. ದಪ್ಪದ್ದು ಪರವಾಗಿಲ್ಲ, ಸಣ್ಣ ಗೆರೆ ನೋಡಕ್ಕಾಗಲ್ಲ. ಮಸಿಯಮ್ಮೋರ ಕೆಲಸ ನಾನು ನೋಡಿಲ್ವಾ? ಅವರದ್ದು ಸ್ಕೇಲ್ ಇಟ್ಟು ಹೊಡೆದಂಗಿರತ್ತೆ. ನಿಮ್ಮ ಕಂಪ್ಯೂಟರೇ ಏನೋ ಮಾಡಿದೆ."

ಬೆಳಗಿನ ಗಡಿಬಿಡಿಯಲ್ಲಿ ನಾನು ಕಳಿಸಿದ್ದು ನಯ ಮಾಡದ ಫೈಲನ್ನು. ಹಾಗಾದರೆ ನನ್ನ ಕಣ್ಣಲ್ಲ. ಮೂರನೆಯವನೊಬ್ಬ, ನನ್ನ ಭಯದ ಗಂಧಗಾಳಿ ಇಲ್ಲದವನು, ಹೇಳಿಬಿಟ್ಟಿದ್ದ. ಇಷ್ಟು ದಿನ ನಾನು ದೇವರಲ್ಲಿ ಬೇಡಿಕೊಂಡದ್ದು ಇದೆಲ್ಲ ನನ್ನ ಹುಚ್ಚೇ ಆಗಿರಲಿ ಅಂತ.

"ಹಲೋ? ಮೇಡಂ? ನಾನೇ ಒಂದು ಬಟನ್ ಒತ್ತಿ ನಯ ಮಾಡಿ ಪ್ರಿಂಟ್ ಬಿಟ್ಬಿಡ್ಲಾ? ಎರಡು ನಿಮಿಷದ ಕೆಲಸ. ಅಮ್ಮೋರೇ ಹಾಳೆ ತಗೊಳ್ಳೋಕೆ ಬರ್ತಾರಂತೆ, ಊಟ ಮಾಡಿ ಹೊರಡ್ತೀನಿ ಅಂತ ಈಗಷ್ಟೇ ಫೋನ್ ಮಾಡಿದ್ರು. ನಾಳೆ ಬೆಳಿಗ್ಗೆ ಹಲಗೆ ಹತ್ಬೇಕಂತಲ್ಲ."

"ತಡೀರಿ," ಅಂದೆ. "ಏನೂ ಒತ್ಬೇಡಿ. ಪ್ರಿಂಟೂ ಹಾಕ್ಬೇಡಿ. ನಾನು ಹೇಳ್ತೀನಿ."

"ಅವರು ಬಂದ್ರೆ ಏನನ್ಲಿ?"

"ಬರದ ಹಾಗೆ ನೋಡ್ಕೋತೀನಿ."

ಅಂದದ್ದೇನೋ ಅಂದೆ. ಫೋನ್ ಕೈಯಲ್ಲೇ ಇತ್ತು. ಮಗಳ ಪಕ್ಕ ನೆಲದ ಮೇಲೆ ಕುಳಿತೆ. ನಯ ಮಾಡಿದ ಫೈಲ್ ಸಿದ್ಧವಾಗಿಯೇ ಇತ್ತು. ಕಳಿಸಿಬಿಟ್ಟರೆ ಆಯಿತು. ಅತ್ತೆ ಹಾಳೆ ಬಿಡಿಸಿ ನೋಡುತ್ತಾರೆ, ಬಹುಶಃ ಏನೂ ಅನ್ನುವುದಿಲ್ಲ, ಸೂಜಿ ಹಿಡಿದು ಚುಚ್ಚಲು ಕೂರುತ್ತಾರೆ. ಯಾರಿಗೂ ನೋವಿಲ್ಲ. ನಾಳೆ ಬೆಳಿಗ್ಗೆ ನೇರವಾದ ಚುಕ್ಕಿಗಳ ಮುಂದೆ, ಹಲಗೆಯ ಮೇಲೆ, ಕುಂಚ ಹಿಡಿದು ನಿಲ್ಲುತ್ತಾರೆ. ಕೆಳಗೆ ಮೆಟ್ಟಿಲು. ನಯ ಮಾಡಿದ್ದು ಹಾಳೆಯನ್ನಲ್ಲವೇ, ಕೈಯನ್ನಲ್ಲವಲ್ಲ. ಆ ಹಲಗೆಯ ಮೇಲೆ ಹೊದಿಸಲು ನನ್ನ ಬಳಿ ಯಾವ ಗೋಣಿಚೀಲ ಇದೆ?

ಇನ್ನೊಂದು ಚಿತ್ರವೂ ಕಣ್ಣಿಗೆ ಕಟ್ಟಿತು, ಅದು ಬೇರೆ ಥರ ಭಯಂಕರ. ಅಂಗಡಿಯವನು ಕೌಂಟರಿನ ಮೇಲೆ ಹಾಳೆ ಹಾಸುತ್ತಾನೆ. "ನೋಡಿ ಅಮ್ಮ, ನಿಮ್ಮ ಸೊಸೆ ಕಂಪ್ಯೂಟರ್ ಏನು ಮಾಡಿದೆ" ಎನ್ನುತ್ತಾನೆ. ನಾಲ್ಕು ಜನರ ಮುಂದೆ, ಮಾರುದ್ದದ ಕಾಗದದ ಮೇಲೆ, ಅತ್ತೆ ತನ್ನ ಗೆರೆಯನ್ನು ಮೊದಲ ಸಲ ನಾನು ನೋಡಿದಂತೆ ನೋಡುತ್ತಾರೆ.

ಮಗಳು ನನ್ನ ಮೊಣಕಾಲು ಹಿಡಿದು ಎದ್ದು ನಿಂತಳು. ಕೈ ಬಿಟ್ಟಳು. ಒಂದು ಕ್ಷಣ ಏನೂ ಹಿಡಿಯದೆ, ಇಡೀ ಮೈ ಅಲ್ಲಾಡಿಸುತ್ತಾ ನಿಂತಿದ್ದು ತೊಪ್ಪನೆ ಕುಳಿತಳು. ನಾನು ಎಂದಿನಂತೆ ಕೈ ಚಾಚಿ ಹಿಡಿಯಬೇಕಿತ್ತು. ಕೈಯಲ್ಲಿ ಫೋನ್ ಇದ್ದುದರಿಂದ ಆಗಲಿಲ್ಲ.

ಅತ್ತೆಯ ನಂಬರ್ ಒತ್ತಿದೆ. ರಿಂಗಾಗುತ್ತಲೇ ಇತ್ತು. ಎತ್ತದಿದ್ದರೆ ಒಳ್ಳೆಯದು ಅನ್ನಿಸಿತು, ಎತ್ತದಿದ್ದರೆ ಏನು ಗತಿ ಅಂತಲೂ ಅನ್ನಿಸಿತು.

"ಏನೇ?" ಬೀದಿಯ ಸದ್ದು ಕೇಳುತ್ತಿತ್ತು. "ಬೇಗ ಹೇಳು, ಬಸ್ ಬರ್ತಾ ಇದೆ."

"ಅತ್ತೆ, ಆ ಬಸ್ ಹತ್ಬೇಡಿ."

"ಯಾಕೆ, ಮಗು ಹುಷಾರಾಗಿದ್ದಾಳಲ್ಲ?"

"ಅವಳು ಚೆನ್ನಾಗಿದ್ದಾಳೆ. ಪ್ರಿಂಟ್ ಹಾಕ್ಬೇಡಿ ಅಂದಿದ್ದೀನಿ. ಅದು... ನಿಮ್ಮ ಗೆರೆ ಅತ್ತೆ. ಸಣ್ಣ ಗೆರೆ. ನಾನು ದೊಡ್ಡದು ಮಾಡಿ ನೋಡ್ತೀನಲ್ಲ, ಅಲ್ಲಿ ಅದು ನಡುಗಿದೆ. ಸ್ಕ್ಯಾನರಲ್ಲ. ಎಲ್ಲಾ ಥರ ನೋಡಿದೆ. ನಿಮ್ಮ ಕೈ ಅತ್ತೆ."

ಬಸ್ಸು ಬಂದು ನಿಂತದ್ದು ಕೇಳಿಸಿತು. ಬಾಗಿಲು ತೆರೆದದ್ದು, ಯಾರೋ "ಹತ್ತಿ, ಹತ್ತಿ" ಅಂದದ್ದು, ಬಾಗಿಲು ಮುಚ್ಚಿದ್ದು. ಬಸ್ಸು ಹೊರಟಿತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದೆ. ಅವರು ಹತ್ತಿದರೋ, ನಿಂತರೋ?

"ನಿನಗೆ ಯಾವತ್ತಿಂದ ಕಾಣ್ತಾ ಇದೆ?" ಎಂದರು ಕೊನೆಗೆ.

"ಇವಳು ಹುಟ್ಟಿದ ಮೇಲೆ."

"ನನಗೆ ಅದಕ್ಕೂ ಮುಂಚೆ." ಅಂದರು. "ನಿನ್ನ ಬಣ್ಣದಲ್ಲಿ ಮುಚ್ಚಿಹೋಗತ್ತೆ, ನಿನಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ದಡ್ಡಿ ನಾನು. ನಿನಗೆ ಮೊದಲೇ ಕಾಣತ್ತೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೋಳೂ ನಾನೇ."

"ಡಾಕ್ಟರ ಹತ್ರ ಹೋಗೋಣ ಅತ್ತೆ. ನಾನೂ ಬರ್ತೀನಿ. ಗೋಡೆ ವಿಷಯ—"

"ಗೋಡೆ ಅಲ್ಲೇ ಇರತ್ತೆ, ಎಲ್ಲೂ ಓಡಿಹೋಗಲ್ಲ. ಎದುರುಗಡೆ ಬಸ್ ಹಿಡಿದು ನಿನ್ನ ಮನೆಗೇ ಬರ್ತೀನಿ. ಗೆರೆ ತೋರಿಸು ನನಗೆ, ನೀನು ನೋಡೋಷ್ಟೇ ದೊಡ್ಡದು ಮಾಡಿ. ಅದೆಷ್ಟು ಕುಣಿದಿದೆ ನೋಡೇ ಬಿಡೋಣ." ಬೇರೆಯೇ ದನಿಯಲ್ಲಿ ಸೇರಿಸಿದರು. "ನಾನು ನೆಲದ ಮೇಲೆ ಕೂತ್ಕೋತೀನಿ ಕಣೇ. ನೀನು ತಂದು ಮಡಿಲಲ್ಲಿ ಬಿಡು, ಸಾಕು. ಇವತ್ತೊಂದು ದಿನ ಮಗೂನ ಮಲಗಿಸ್ಬೇಡ."